‘ವಿದ್ಯಾ ಹತ್ತಲಿಲ್ಲ’ ಎಂಬ ಮಾತು

ಕಳೆದ ಚಳಿಗಾಲದ ಒಂದು ಸಂಜೆ ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಚಹದ ಅಂಗಡಿಯಲ್ಲಿ ನಾವು ಕುಳಿತಿದ್ದೆವು. ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ತರುಣ ಬಂದು ‘ನಮಸ್ಕಾರ್ರಿ ಸರ’ ಎಂದು ಮುಂದೆ ನಿಂತನು. ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಐದನೆಯ ಇಯತ್ತೆಯಲ್ಲಿ ಹಿಂದಿನ ಸಾಲಿಗೆ ಕೂಡುತ್ತಿದ್ದ ಹುಡುಗ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಬೇಳೆ ಗಿರಣಿಯೊಂದರಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ್ದನಂತೆ. ಈಗ ಆ ಕೆಲಸವೂ ಹೋಗಿತ್ತು. ಮೊಬೈಲಿನಲ್ಲಿ ಹೊಡೆದುಕೊಂಡ ಒಂದು ಕಾಗದದ ಚಿತ್ರವನ್ನು ತೋರಿಸಿ, ‘ಇದೊಂದು ಓದಿ ಹೇಳ್ರಿ ಸರ’ ಎಂದನು.

ನಾಲ್ಕೇ ಸಾಲಿನ ಕಾಗದ. ತನಗೆ ಬರಬೇಕಾದ ಪಗಾರ, ಬೋನಸ್ಸು, ರಜೆಯ ಹಣ ಎಲ್ಲವೂ ಮುಟ್ಟಿದೆ, ಇನ್ನು ಮುಂದೆ ಗಿರಣಿಯ ಮೇಲೆ ತನ್ನದು ಯಾವ ಬಾಬತ್ತಿನ ತಕರಾರೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅವನದೇ ಸಹಿ. ಕೈಗೆ ಬಂದದ್ದು ಒಂದು ತಿಂಗಳ ಪಗಾರ ಮಾತ್ರ.

‘ಓದಲಾರದನ ಸಹಿ ಮಾಡಿದೇನೋ?’ ಎಂದು ನಾವು ಸಿಟ್ಟಿನಿಂದಲೇ ಕೇಳಿದೆವು.

‘ಓದ್ಲಾಕ ಬರ್ತದರಿ ಸರ. ಖರೆ ನನಗ ಭಾಳ ಹೊತ್ತ ಹಿಡೀತದ. ಮುನೀಮರು ಮುಂದ ನಿಂತಿದ್ರು. ಹಿಂದ ಹತ್ತ ಮಂದಿ ಪಾಳಿ ಹಚ್ಚಿದ್ರು. ಅಷ್ಟು ಮಂದಿ ಮುಂದ ಒಂದೊಂದ ಅಕ್ಷರ ಕೂಡಿಸ್ಕೋತ ನಿಂದರ್ಲಾಕ ನಾಚಿಕಿ ಬಂತ್ರಿ. ಸಣ್ಣಾಂವ ಇದ್ದಾಗಿಂದನೂ ಹಂಗ ಅದ. ನನಗ ವಿದ್ಯಾ ಹತ್ತಲಿಲ್ಲರಿ.’

ವಿದ್ಯಾ ಹತ್ತಲಿಲ್ಲ! ನಮ್ಮ ಬಜಾರದಲ್ಲಿ, ಗಿರಣಿಯ ಗೇಟಿನಲ್ಲಿ, ಮನೆಮನೆಯ ಕಟ್ಟೆಯ ಮೇಲೆ ಈ ಮಾತನ್ನು ಕೇಳದ ದಿನವಿಲ್ಲ. ಅಂಗಡಿಯ ಗಲ್ಲೆಯ ಹತ್ತಿರ ಹನ್ನೆರಡು ವರ್ಷದ ಹುಡುಗ ಕುಳಿತಿದ್ದರೆ, ತಂದೆಯನ್ನು ಕೇಳಿರಿ: ‘ಇವಗ ವಿದ್ಯಾ ಹತ್ತಲಿಲ್ಲರಿ, ಅದಕ ಅಂಗಡ್ಯಾಗ ಕೂಡಿಸೀನಿ’ ಎನ್ನುತ್ತಾನೆ. ತಿಕೋಟಾದ ಕಡೆ ದ್ರಾಕ್ಷಿಯ ತೋಟಗಳಲ್ಲಿ ದುಡಿಯುವ ಹುಡುಗಿಯ ತಾಯಿಯೂ ಇದೇ ಮಾತು ಹೇಳುತ್ತಾಳೆ. ಈ ಮಾತಿನಲ್ಲಿ ವಿಚಾರಣೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಶಿಕ್ಷೆ ಮಾತ್ರ ಇದೆ, ಮತ್ತು ಆ ಶಿಕ್ಷೆ ಮಗುವಿಗೆ. ಕಲಿಸಿದ ಮಾಸ್ತರ, ಕಲಿಸುವ ಪದ್ಧತಿ, ಶಾಲೆ ನಡೆಸುವ ಸರ್ಕಾರ ಎಲ್ಲರೂ ನಿರ್ದೋಷಿಗಳೆಂದು ಬಿಡುಗಡೆ ಹೊಂದುತ್ತಾರೆ.

ನಾವೂ ಹಾಗೆ ಬಿಡುಗಡೆ ಹೊಂದಿದವರೇ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಪಾಠ ಹೇಳಿದ ನಮಗೆ ಆ ಹುಡುಗ ಚೆನ್ನಾಗಿ ನೆನಪಿದ್ದಾನೆ. ಬಾಯಿಲೆಕ್ಕದಲ್ಲಿ ಅವನಿಗೆ ಸರಿಸಮ ಯಾರೂ ಇರಲಿಲ್ಲ. ಪಾಠವನ್ನು ನಾವು ಓದಿ ಹೇಳಿದರೆ ಮರುದಿನ ತಪ್ಪಿಲ್ಲದೆ ಒಪ್ಪಿಸುತ್ತಿದ್ದನು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ‘ಸೂರ್ಯ’ ‘ಸೂಯರ’ ಆಗುತ್ತಿತ್ತು, ‘ಭಕ್ತಿ’ ‘ಭಕಿತ’ ಆಗುತ್ತಿತ್ತು. ಇಡೀ ವರ್ಗ ನಗುತ್ತಿತ್ತು. ಮೈಗಳ್ಳತನವೆಂದು ನಾವು ತಿಳಿದೆವು. ಎದ್ದು ನಿಲ್ಲಿಸಿ ಎಲ್ಲರ ಮುಂದೆ ಓದಿಸಿದೆವು. ಅದೇ ಪುಟವನ್ನು ಹತ್ತು ಸಲ ಬರೆಯಿಸಿದೆವು. ಕೊನೆಗೆ ಅವನ ತಂದೆಯನ್ನು ಕರೆಯಿಸಿ, ‘ಇವನಿಗೆ ಓದು ಬರೋದಿಲ್ಲ, ಯಾವುದಾದರೂ ಕೆಲಸಕ್ಕೆ ಹಚ್ಚಿರಿ’ ಎಂದು ಹೇಳಿದವರೂ ನಾವೇ. ಆ ಗಿರಣಿಯ ಕಾಗದದ ಮೇಲೆ ಅವನ ಸಹಿಯ ಪಕ್ಕಕ್ಕೆ ನಮ್ಮ ಸಹಿಯೂ ಇದೆ ಎಂದು ಆ ಸಂಜೆ ನಮಗೆ ಅನಿಸಿತು. ಆದುದರಿಂದಲೇ ಈ ಲೇಖನ.

ಕಣ್ಣಿನ ದೋಷವಲ್ಲ, ಬುದ್ಧಿಯ ದೋಷವಲ್ಲ

ಇದು ಹೊಸದಾಗಿ ಕಂಡ ಸಂಗತಿಯಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಅಲ್ಲಿಯ ವೈದ್ಯ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿಷಯವಾಗಿ ಬರೆದರು. ಆ ಹುಡುಗ ಚುರುಕು, ಆಟದಲ್ಲಿ ಮುಂದು. ಏಳು ವರ್ಷದಿಂದ ಪಾಠ ಹೇಳಿಸಿಕೊಂಡಿದ್ದರೂ ಸಣ್ಣ ಸಣ್ಣ ಶಬ್ದಗಳನ್ನು ಓದಲು ತಿಣುಕುತ್ತಿದ್ದನು. ತನ್ನ ಹೆಸರನ್ನು ಬರೆಯುವಾಗಲೇ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಿದ್ದನು. ಆದರೆ 749ನ್ನು 867ರಿಂದ ಗುಣಿಸು ಎಂದಾಗ ಬೇಗನೆ, ಸರಿಯಾಗಿ ಗುಣಿಸಿದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದರೆ ಈ ಹುಡುಗನೇ ಶಾಲೆಯಲ್ಲಿ ಎಲ್ಲರಿಗಿಂತ ಜಾಣನೆನಿಸುತ್ತಿದ್ದನು ಎಂದು ಅವನ ಮಾಸ್ತರರು ಹೇಳಿದ್ದನ್ನೂ ಆ ವೈದ್ಯರು ದಾಖಲಿಸಿದ್ದಾರೆ. ನಮ್ಮ ಅಂಗಡಿಕಾರ ಬಂಧುಗಳಿಗೆ ಇಂಥವರು ಹೊಸಬರೇನಲ್ಲ. ಐವತ್ತು ಗಿರಾಕಿಗಳ ಉದ್ರಿಯನ್ನು ಪೈಸೆ ತಪ್ಪದಂತೆ ತಲೆಯಲ್ಲಿ ಇಟ್ಟುಕೊಂಡು, ಕಿರ್ದಿ ಬರೆಯಲು ಮಾತ್ರ ಮತ್ತೊಬ್ಬರನ್ನು ಕರೆಯುವವರು ಎಷ್ಟು ಮಂದಿ ಇಲ್ಲ!

ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಕಣ್ಣು ಸರಿ ಇರುತ್ತದೆ, ಕಿವಿ ಸರಿ ಇರುತ್ತದೆ, ಬುದ್ಧಿಗೆ ಏನೂ ಕೊರತೆ ಇರುವುದಿಲ್ಲ. ಆಡುವ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸುವುದು, ಆ ಧ್ವನಿಗೂ ಕಣ್ಣಿಗೆ ಕಾಣುವ ಅಕ್ಷರಕ್ಕೂ ಗಂಟು ಹಾಕುವುದು, ಆ ಗಂಟನ್ನು ಬೇಗನೆ ನೆನಪಿಗೆ ತರುವುದು—ಈ ಕೆಲಸ ಮಾತ್ರ ಇವರ ಮಿದುಳಿಗೆ ಸುಲಭದಲ್ಲಿ ಆಗುವುದಿಲ್ಲ. ಮಾತು ಮನುಷ್ಯನಿಗೆ ಬಹು ಹಳೆಯದು. ಬರವಣಿಗೆ ಕೆಲವೇ ಸಾವಿರ ವರ್ಷಗಳದ್ದು. ಮಾತು ಕೇಳಿಕೇಳಿಯೇ ಬರುತ್ತದೆ, ಓದು ಕಲಿಸಿದರೆ ಮಾತ್ರ ಬರುತ್ತದೆ. ಕೆಲವರಿಗೆ ಹೆಚ್ಚು ಕಲಿಸಬೇಕು, ಬೇರೆ ರೀತಿಯಲ್ಲಿ ಕಲಿಸಬೇಕು, ಅಷ್ಟೆ. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಹೆಚ್ಚುಕಡಿಮೆ ಈ ತೊಡಕು ಇರುವುದೆಂದು ಬಲ್ಲವರ ಅಂದಾಜು. ಎಂದರೆ ನಲವತ್ತು ಮಕ್ಕಳ ಒಂದು ವರ್ಗದಲ್ಲಿ ಇಬ್ಬರು, ಇಲ್ಲವೆ ನಾಲ್ವರು. ಇದು ಮನೆತನದಲ್ಲಿ ಇಳಿದು ಬರುವುದೂ ಉಂಟು. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಕಾಣುವ ಸಂಭವ ಹೆಚ್ಚು. ಮಗನನ್ನು ‘ದಡ್ಡ’ ಎಂದು ಬಯ್ಯುವ ತಂದೆ ಅನೇಕ ವೇಳೆ ತನ್ನ ಬಾಲ್ಯವನ್ನೇ ಬಯ್ಯುತ್ತಿರುತ್ತಾನೆ.

ಕನ್ನಡಕ್ಕೂ ಈ ತೊಡಕು ಉಂಟೇ?

‘ಇದು ಇಂಗ್ಲಿಷಿನವರ ರೋಗ. ನಮ್ಮ ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಲ್ಲಿ ಅಂಥದ್ದೇನಿಲ್ಲ’ ಎಂದು ಹೇಳುವ ವಿದ್ಯಾವಂತರೂ ಇದ್ದಾರೆ. ಅವರ ಮಾತು ಅರ್ಧ ನಿಜ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ನಾಲ್ಕು ಧ್ವನಿ. ಕನ್ನಡದಲ್ಲಿ ಆ ಕಾಟವಿಲ್ಲ. ಆದರೆ ಕನ್ನಡಕ್ಕೆ ತನ್ನದೇ ಆದ ಕಷ್ಟಗಳಿವೆ. ವರ್ಣಮಾಲೆ 49 ಅಕ್ಷರಗಳದ್ದಾದರೂ ಕಾಗುಣಿತ, ಒತ್ತಕ್ಷರಗಳು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬ–ಭ, ಪ–ಷ, ದ–ಧ ಇವುಗಳ ನಡುವೆ ಒಂದು ಸಣ್ಣ ಗೆರೆಯ ವ್ಯತ್ಯಾಸ. ‘ಸೂರ್ಯ’ ಎನ್ನುವಾಗ ಕಿವಿಗೆ ಮೊದಲು ಕೇಳುವುದು ರಕಾರ, ಆಮೇಲೆ ಯಕಾರ. ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ‘ಭಕ್ತಿ’ಯಲ್ಲಿ ಇಕಾರದ ಗುಡಿಸು ಕೂತಿರುವುದು ಮೇಲಿನ ಕಕಾರದ ತಲೆಯ ಮೇಲೆ, ನುಡಿಯಬೇಕಾದದ್ದು ಕೆಳಗಿನ ತಕಾರದ ಸಂಗಡ. ನಮ್ಮ ಆ ಹುಡುಗ ‘ಸೂಯರ’ ಎಂದದ್ದು, ‘ಭಕಿತ’ ಎಂದದ್ದು ಮೈಗಳ್ಳತನದಿಂದಲ್ಲ. ಕಣ್ಣಿಗೆ ಕಂಡ ಕ್ರಮದಲ್ಲಿಯೇ ಅವನು ಪ್ರಾಮಾಣಿಕವಾಗಿ ಓದಿದ್ದನು! ಅದನ್ನು ತಿಳಿಯಲು ನಮಗೆ ಇಷ್ಟು ವರ್ಷ ಬೇಕಾದವು.

ಮೈಸೂರಿನ ಎಸ್. ರಮಾ ಮತ್ತು ಎಂ. ಎಸ್. ಲಲಿತಮ್ಮ ಅವರು ವೇಲ್ಸ್‌ನ ಟಿ. ಆರ್. ಮೈಲ್ಸ್ ಅವರ ಜೊತೆ ಕೂಡಿ, ಕನ್ನಡ ಓದುವ ಮಕ್ಕಳಲ್ಲಿನ ಡಿಸ್ಲೆಕ್ಸಿಯಾದ ಬಗೆಗೆ 1993ರಷ್ಟು ಹಿಂದೆಯೇ ಅಧ್ಯಯನ ಪ್ರಕಟಿಸಿದ್ದಾರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಸಾಮಾನ್ಯ ಮಕ್ಕಳಿಗೂ ಕನ್ನಡ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ಇಯತ್ತೆಯವರೆಗೂ ಹೊತ್ತು ಹಿಡಿಯುವುದೆಂದು ತಿಳಿದುಬಂದಿತು. ಒಂದನೆಯ ಇಯತ್ತೆಯ ಕೊನೆಗೇ ಒತ್ತಕ್ಷರ ಮುಗಿಸಿದೆವೆಂದು ವರದಿ ಬರೆಯುವ ನಮ್ಮ ಶಾಲೆಗಳು ಇದನ್ನು ಗಮನಿಸಬೇಡವೆ?

ಇನ್ನೊಂದು ಮುಖ್ಯ ಮಾತಿದೆ. ಬರೆದಂತೆ ಓದುವ ಭಾಷೆಗಳಲ್ಲಿ ಈ ತೊಡಕು ತಪ್ಪು ಓದಿನಲ್ಲಿ ಕಾಣುವುದಕ್ಕಿಂತ ನಿಧಾನದ ಓದಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಮಗು ಹೇಗೋ ಅಕ್ಷರ ಕಲಿಯುತ್ತದೆ, ಕೂಡಿಸಿ ಕೂಡಿಸಿ ಓದುತ್ತದೆ. ಆದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ‘ಓದ್ಲಾಕ ಬರ್ತದರಿ, ಖರೆ ಹೊತ್ತ ಹಿಡೀತದ’ ಎಂದು ಆ ತರುಣ ಹೇಳಿದನಲ್ಲ, ಪಂಡಿತರು ಪುಸ್ತಕಗಳಲ್ಲಿ ಹೇಳಿದ್ದೂ ಅದನ್ನೇ. ನಾವು ವೈದ್ಯರಲ್ಲ, ಚಹದ ಅಂಗಡಿಯಲ್ಲಿ ಕುಳಿತು ಯಾರಿಗೂ ರೋಗದ ಹೆಸರು ಕೊಡಲಾರೆವು. ಆದರೆ ಇಷ್ಟು ಗುರುತುಗಳು ಕಂಡ ಮೇಲೂ ಪರೀಕ್ಷೆ ಮಾಡಿಸದೆ ಇರುವುದು ಅಪರಾಧವೆಂದು ಮಾತ್ರ ಹೇಳಬಲ್ಲೆವು.

ಪರೀಕ್ಷೆಯ ಸಾಧನ ಇಲ್ಲವೆಂದೂ ಹೇಳುವಂತಿಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದವರು ‘ಡಾಲಿ’ ಎಂಬ ಪರೀಕ್ಷಾ ಸಾಧನವನ್ನು 2015ರಲ್ಲಿ ಹೊರತಂದರು. ಅದು ಹಿಂದಿ, ಇಂಗ್ಲಿಷುಗಳಲ್ಲಿ ಇರುವಂತೆ ಕನ್ನಡ, ಮರಾಠಿಗಳಲ್ಲಿಯೂ ಇದೆ. ಈ ರಸ್ತೆಯ ಈ ತುದಿಯ ಮಕ್ಕಳಿಗೂ ಆ ತುದಿಯ ಸೊಲ್ಲಾಪುರದ ಮಕ್ಕಳಿಗೂ ಸಾಲುವಂಥ ಸಾಧನ!

ಎಲ್ಲವೂ ಡಿಸ್ಲೆಕ್ಸಿಯಾ ಅಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು. ಓದು ಬಾರದ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಿ, ‘ಮಿದುಳಿನ ದೋಷ, ನಾವೇನು ಮಾಡೋಣ’ ಎಂದು ಸರ್ಕಾರ ಕೈ ತೊಳೆದುಕೊಳ್ಳಲು ಅವಕಾಶ ಕೊಡಬಾರದು. ಆ ಸಂಜೆಯ ನಂತರ ನಾವು ಸೊಲ್ಲಾಪುರ ರಸ್ತೆಯ ಬದಿಯ ಒಂದು ಕೋಣೆಯಲ್ಲಿ ಆರು ಮಕ್ಕಳನ್ನು ಸಂಜೆಯ ಹೊತ್ತು ಕೂಡಿಸಿಕೊಂಡು ಓದಿಸತೊಡಗಿದೆವು. ಆರು ಮಕ್ಕಳ ಮೇಲೂ ‘ವಿದ್ಯಾ ಹತ್ತಲಿಲ್ಲ’ ಎಂಬ ಒಂದೇ ಮುದ್ರೆ. ಸಮೀಪದಿಂದ ನೋಡಿದಾಗ ಕಂಡದ್ದೇನು? ಒಬ್ಬ ಹುಡುಗನಿಗೆ ಕರಿಹಲಗೆಯೇ ಕಾಣುತ್ತಿರಲಿಲ್ಲ; ಚಷ್ಮಾ ಹಾಕಿಸಿದ ಮೇಲೆ ಮೂರು ತಿಂಗಳಲ್ಲಿ ಓದಿದನು. ಒಬ್ಬ ಹುಡುಗಿ ತಾಂಡಾದವಳು. ಮನೆಯಲ್ಲಿ ಲಂಬಾಣಿ ಮಾತು, ಪುಸ್ತಕದ ಕನ್ನಡ ಅವಳಿಗೆ ಪರಭಾಷೆ. ಇನ್ನೊಬ್ಬನು ತಾಯಿತಂದೆಯ ಸಂಗಡ ವರ್ಷಕ್ಕೆ ನಾಲ್ಕೈದು ತಿಂಗಳು ಕಬ್ಬು ಕಡಿಯಲು ಹೋಗುವವನು. ಶಾಲೆಯಲ್ಲಿ ಇರದವನಿಗೆ ಶಾಲೆಯ ವಿದ್ಯೆ ಹತ್ತುವುದೆಂತು? ಉಳಿದ ಮೂವರಲ್ಲಿ ಮಾತ್ರ ನಾವು ಮೇಲೆ ಹೇಳಿದ ತೊಡಕಿನ ಲಕ್ಷಣಗಳು ಕಂಡವು.

ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕಾರಣ. ಒಂದಕ್ಕೆ ಚಷ್ಮಾ ಬೇಕು, ಒಂದಕ್ಕೆ ಮನೆಮಾತು ಬಲ್ಲ ಮಾಸ್ತರ ಬೇಕು, ಒಂದಕ್ಕೆ ಊರಲ್ಲೇ ಕೂಲಿ ಬೇಕು, ಒಂದಕ್ಕೆ ಬೇರೆ ರೀತಿಯ ಪಾಠ ಬೇಕು. ಇದನ್ನು ಬೇರ್ಪಡಿಸಿ ನೋಡಲು ಯಾರಿಗೂ ಪುರಸತ್ತಿಲ್ಲ.

ಪುರಸತ್ತು ಯಾರ ಮಕ್ಕಳಿಗೆ ಸಿಕ್ಕುತ್ತದೆ ಎಂಬುದನ್ನೂ ನೋಡಬೇಕು. ದೊಡ್ಡ ಊರುಗಳ ಹಣವಂತರ ಮಗ ಓದದಿದ್ದರೆ ಅವನನ್ನು ತಜ್ಞರಲ್ಲಿಗೆ ಕರೆದೊಯ್ಯುತ್ತಾರೆ. ವಿಶೇಷ ಶಿಕ್ಷಕರನ್ನು ಗೊತ್ತು ಮಾಡುತ್ತಾರೆ. ಪ್ರಮಾಣಪತ್ರ ತಂದು ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ ಪಡೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅದು ಆ ಮಗುವಿನ ಹಕ್ಕು. ಆದರೆ ಹಮಾಲನ ಮಗನಿಗೆ ಅದೇ ತೊಡಕು ಇದ್ದರೆ ಅವನು ದಡ್ಡ. 2007ರಲ್ಲಿ ‘ತಾರೇ ಜಮೀನ್ ಪರ್’ ಎಂಬ ಚಿತ್ರ ಬಂದಾಗ ಚಿತ್ರಮಂದಿರಗಳಲ್ಲಿ ಜನ ಕಣ್ಣೀರು ಹಾಕಿದರು. ಹೊರಗೆ ಬಂದ ಮೇಲೆ ತಮ್ಮ ಅಂಗಡಿಯ ಕೆಲಸದ ಹುಡುಗ ಏಕೆ ಶಾಲೆ ಬಿಟ್ಟನೆಂದು ಎಷ್ಟು ಮಂದಿ ಕೇಳಿದರು?

ಹೇಗೆ ಕಲಿಸಬೇಕು?

ಇದಕ್ಕೆ ಔಷಧವಿಲ್ಲ, ಇಂಜೆಕ್ಷನ್ ಇಲ್ಲ. ನೆನಪಿನ ಶಕ್ತಿಯ ಟಾನಿಕ್ಕು, ತಲೆಗೆ ಹಚ್ಚುವ ಎಣ್ಣೆ, ಬಣ್ಣದ ಚಷ್ಮಾ ಇವುಗಳಿಂದ ಓದು ಬಂದೀತೆಂದು ನಂಬಿ ದುಡ್ಡು ಕಳೆದುಕೊಳ್ಳಬೇಡಿರಿ. ಬೆತ್ತದಿಂದಲಂತೂ ಬರುವುದಿಲ್ಲ. ಕ್ರಮವಾದ, ನಿಧಾನವಾದ, ದಿನವೂ ತಪ್ಪದ ಪಾಠದಿಂದ ಬರುತ್ತದೆ. ತೊಡಕು ಪೂರ್ತಿ ಹೋಗುವುದಿಲ್ಲ. ಆದರೆ ಅದರೊಡನೆ ಬಾಳಲು, ಓದಲು, ಮುಂದೆ ಹೋಗಲು ಸಾಧ್ಯ. ನಾವು ಓದಿ ತಿಳಿದು, ಆ ಮೂವರು ಮಕ್ಕಳೊಡನೆ ಮಾಡಿ ನೋಡಿದ ಉಪಾಯಗಳನ್ನು ಇಲ್ಲಿ ಹೇಳುತ್ತೇವೆ. ಖರ್ಚಿನ ಕೆಲಸ ಒಂದೂ ಇಲ್ಲ.

ಮೊದಲು ಕಿವಿ, ಆಮೇಲೆ ಕಣ್ಣು. ಪುಸ್ತಕ ಮುಚ್ಚಿಡಿರಿ. ‘ಕಮಲ’ ಎನ್ನಿರಿ, ಕ, ಮ, ಲ ಎಂದು ಮೂರು ಚಪ್ಪಾಳೆ ತಟ್ಟಿಸಿರಿ. ಕ ತೆಗೆದರೆ ಏನು ಉಳಿಯಿತು ಎಂದು ಕೇಳಿರಿ. ಬಳೆ–ಬಾಳೆ, ನಡು–ನಾಡು, ಕತೆ–ಕತ್ತೆ, ಹಳಿ–ಹಳ್ಳಿ ಈ ಜೋಡಿಗಳನ್ನು ನುಡಿದು, ವ್ಯತ್ಯಾಸ ಎಲ್ಲಿದೆ ಎಂದು ಕೇಳಿರಿ. ಇದಕ್ಕೆ ಪಾಟಿಯೂ ಬೇಡ, ಬಳಪವೂ ಬೇಡ. ಅಕ್ಷರ ಬಾರದ ತಾಯಿಯೂ ರೊಟ್ಟಿ ಬಡಿಯುತ್ತಲೇ ಇದನ್ನು ಆಡಿಸಬಹುದು.

ಎರಡನೆಯದಾಗಿ, ಒಂದೇ ಸಲಕ್ಕೆ ಐವತ್ತು ಅಕ್ಷರ ಹೇರಬೇಡಿರಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ‘ರ ಗ ಸ ದ ಅ’ ಎಂದು ಐದು ಅಕ್ಷರಗಳಿಂದ ಆರಂಭಿಸುತ್ತಾರೆ. ಅದು ಬಹಳ ಒಳ್ಳೆಯ ಕ್ರಮ. ಈ ಐದರಿಂದಲೇ ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಎಷ್ಟೋ ಶಬ್ದ ಆಗುತ್ತವೆ. ಐದು ಅಕ್ಷರ ಗಟ್ಟಿಯಾದ ಮೇಲೆ ಮುಂದಿನ ಐದು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿರಿ. ಬ ಚೆನ್ನಾಗಿ ಬಂದ ಎಷ್ಟೋ ದಿನಗಳ ಮೇಲೆ ಭ ಬರಲಿ. ತೊಡಕಿರುವ ಮಗುವಿಗೆ ವರ್ಗ ಮುಂದೆ ಹೋಯಿತೆಂದು ಮುಂದೆ ಓಡಬೇಡಿರಿ. ಐದನೆಯ ಇಯತ್ತೆಯವನಾದರೂ ಅವನು ಎಲ್ಲಿ ನಿಂತಿದ್ದಾನೋ ಅಲ್ಲಿಂದಲೇ ಹಿಡಿಯಬೇಕು.

ಮೂರನೆಯದಾಗಿ, ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಕೂಡಿ ಕೆಲಸ ಮಾಡಲಿ. ಪರಾತದಲ್ಲಿ ಜೋಳದ ಹಿಟ್ಟು ಹರವಿ, ಬೆರಳಿನಿಂದ ಅಕ್ಷರ ತಿದ್ದಿಸಿರಿ. ತಿದ್ದುವಾಗಲೇ ಅದರ ಧ್ವನಿಯನ್ನು ಬಾಯಿಬಿಟ್ಟು ಹೇಳಿಸಿರಿ. ‘ಭಕ್ತಿ’ಯಂಥ ಶಬ್ದವನ್ನು ಭ, ಕ್, ತಿ ಎಂದು ಬಿಡಿಸಿ ತೋರಿಸಿ, ಮತ್ತೆ ಕೂಡಿಸಿ ತೋರಿಸಿರಿ. ಅರ್ಕಾವೊತ್ತು ಬಂದಲ್ಲಿ, ‘ಇದು ಹಿಂದೆ ಕೂತಿದೆ, ಆದರೆ ಮೊದಲು ಮಾತಾಡುತ್ತದೆ’ ಎಂದು ನಾವು ಹೇಳಿಕೊಟ್ಟೆವು. ಮಕ್ಕಳು ನಕ್ಕರು, ಆದರೆ ಮರೆಯಲಿಲ್ಲ.

ನಾಲ್ಕನೆಯದಾಗಿ, ಜೊತೆಯ ಓದು. ಮೊದಲು ದೊಡ್ಡವರು ಓದಬೇಕು, ಆಮೇಲೆ ಇಬ್ಬರೂ ಕೂಡಿ, ಆಮೇಲೆ ಮಗು ಒಂದೇ. ಅದೇ ನಾಲ್ಕು ಸಾಲನ್ನು ಮೂರು ನಾಲ್ಕು ಸಲ ಓದಿಸಿದರೆ ವೇಗ ಬರುತ್ತದೆ. ಸಾಲು ತಪ್ಪುವ ಮಗುವಿಗೆ ಸಾಬೂನಿನ ಡಬ್ಬಿಯ ರಟ್ಟಿನಲ್ಲಿ ಒಂದು ಸಾಲು ಕಾಣುವಷ್ಟು ಕಿಂಡಿ ಕೊರೆದು ಕೊಡಿರಿ. ಒತ್ತೊತ್ತಾಗಿ ಅಚ್ಚಾದ ಸಣ್ಣ ಅಕ್ಷರಕ್ಕಿಂತ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದದ್ದು ಸುಲಭ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಆಗಬೇಕು. ರವಿವಾರ ಒಂದೇ ದಿನ ಎರಡು ತಾಸು ಕೂಡಿಸಿದರೆ ಮಗುವಿಗೂ ಬೇಸರ, ನಿಮಗೂ ಸಿಟ್ಟು.

ಕೊನೆಯದಾಗಿ, ಓದು ಬರುವವರೆಗೆ ಜ್ಞಾನವನ್ನು ನಿಲ್ಲಿಸಬೇಡಿರಿ. ಇತಿಹಾಸ, ವಿಜ್ಞಾನಗಳನ್ನು ಬಾಯಿಂದ ಹೇಳಿರಿ, ಬಾಯಿಂದಲೇ ಉತ್ತರ ಕೇಳಿರಿ. ಇಂದು ಕಿಸೆಯಲ್ಲಿರುವ ಮೊಬೈಲು ಕೂಡ ಕನ್ನಡ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಅದನ್ನು ಬಳಸುವುದರಲ್ಲಿ ನಾಚಿಕೆಯೇನು? ಚಷ್ಮಾ ಹಾಕಿಕೊಳ್ಳುವವನಿಗೆ ನಾಚಿಕೆ ಇದೆಯೆ? ಮಾಸ್ತರ ಬಂಧುಗಳಿಗೆ ನಮ್ಮದೊಂದು ವಿನಂತಿ: ಇಂಥ ಮಗುವನ್ನು ಒಮ್ಮೆಲೆ ಎಬ್ಬಿಸಿ ವರ್ಗದ ಮುಂದೆ ಓದಿಸಬೇಡಿರಿ. ಓದಿಸಲೇಬೇಕೆಂದಿದ್ದರೆ ಹಿಂದಿನ ದಿನವೇ ಆ ನಾಲ್ಕು ಸಾಲು ಗುರುತು ಮಾಡಿ ಕೊಡಿರಿ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ.

ಫಲವೇನಾಯಿತು ಎಂದು ಕೇಳುವಿರಿ. ಪವಾಡವೇನೂ ಆಗಲಿಲ್ಲ. ಮೂವರಲ್ಲಿ ಇಬ್ಬರು ಈಗ ತಮ್ಮ ಪಾಠವನ್ನು 
ನಿಧಾನವಾಗಿ, ತಪ್ಪಿಲ್ಲದೆ ಓದುತ್ತಾರೆ. ಮೂರನೆಯವಳು ಇನ್ನೂ ಒತ್ತಕ್ಷರಗಳೊಡನೆ ಸೆಣಸುತ್ತಿದ್ದಾಳೆ, ಆದರೆ ಶಾಲೆ ಬಿಟ್ಟಿಲ್ಲ. ಅವಳ ತಂದೆ ಸಣ್ಣ ಕಿರಾಣಿ ಅಂಗಡಿಯವರು. ಮಗಳನ್ನು ಕರೆಯಲು ಬಂದವರು ಒಂದು ದಿನ ಬಾಗಿಲಲ್ಲೇ ನಿಂತು ಪಾಠ ಕೇಳಿ, ‘ನನಗೂ ಹಿಂಗ ಇತ್ರಿ ಮಾಸ್ತರ, ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ. ಚಷ್ಮಾ ಮನ್ಯಾಗ ಬಿಟ್ಟು ಬಂದೀನಿ ಅಂತ ಹೇಳಿ ಮಂದಿ ಕಡಿಂದ ಓದಿಸ್ಕೋತಿದ್ದೆ’ ಎಂದರು. ಈಗ ಮಗಳ ಪಕ್ಕದಲ್ಲಿ ಅವರೂ ಕೂಡುತ್ತಾರೆ. ಆ ಗಿರಣಿಯ ತರುಣನೂ ವಾರಕ್ಕೆರಡು ದಿನ ಬರುತ್ತಾನೆ.

ಕಾನೂನು ಏನು ಹೇಳುತ್ತದೆ?

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 1995ರ ಅಂಗವಿಕಲರ ಕಾನೂನಿನಲ್ಲಿ ಈ ತೊಡಕಿಗೆ ಜಾಗವಿರಲಿಲ್ಲ. 2016ರಲ್ಲಿ ಆದ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಯ ನ್ಯೂನತೆಗಳನ್ನು ಹೇಳಿತು. ಅವುಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಆ ಕಾನೂನು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 16ನೆಯ ಕಲಮಿನ ಪ್ರಕಾರ, ಸರ್ಕಾರದ ಹಣವನ್ನೋ ಮಾನ್ಯತೆಯನ್ನೋ ಪಡೆದ ಪ್ರತಿಯೊಂದು ಶಾಲೆಯೂ ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ರೀತಿಯಲ್ಲಿ ಕಲಿಸುವಂತೆ ನೋಡಿಕೊಳ್ಳಬೇಕು. 17ನೆಯ ಕಲಮಿನಲ್ಲಿ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ, ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆದುಕೊಡುವ ಸಹಾಯಕ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಇವೆಲ್ಲ ಇವೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪರೀಕ್ಷಾ ಮಾರ್ಗಸೂಚಿಯಂತೆ ಹೆಚ್ಚಿನ ವೇಳೆ ಒಂದು ತಾಸಿಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು. ಎಂದರೆ ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಹೆಚ್ಚು.

ಆ ಹುಡುಗನಿಗೆ ಬೇಕಾಗಿದ್ದುದು ಈ ವೇಳೆಯೇ ಅಲ್ಲವೆ? ಶಾಲೆಯಲ್ಲಿ ನಾವು ಅವನಿಗೆ ವೇಳೆ ಕೊಡಲಿಲ್ಲ. ಗಿರಣಿಯಲ್ಲಿ ಮುನೀಮರು ಕೊಡಲಿಲ್ಲ.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಪ್ರಮಾಣಪತ್ರಕ್ಕಾಗಿ ಒಬ್ಬ ಕೂಲಿಕಾರ ತಾಯಿ ಮಗುವನ್ನು ಕರೆದುಕೊಂಡು ನಾಲ್ಕು ಸಲ ಕಚೇರಿ ಆಸ್ಪತ್ರೆಗಳಿಗೆ ಅಲೆದರೆ ನಾಲ್ಕು ದಿನದ ಕೂಲಿ ಹೋಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿ ತುಂಬುವಾಗ ಇಂಥ ಸೌಲಭ್ಯವಿದೆಯೆಂದು ಹೇಳುವವರೇ ಇಲ್ಲದಿದ್ದರೆ ಬಡವನ ಮಗ ಕೇಳುವುದಾದರೂ ಏನನ್ನು?

ನಾವು ಕೇಳುವುದಿಷ್ಟು

ಒಂದು: ವಿಜಯಪುರ, ತಿಕೋಟಾ, ಬಬಲೇಶ್ವರ ಮೂರೂ ತಾಲೂಕುಗಳ ಪ್ರತಿಯೊಂದು ಶಾಲೆಯಲ್ಲಿ ಮೂರನೆಯ ಇಯತ್ತೆಯ ಪ್ರತಿಯೊಂದು ಮಗುವನ್ನು ಒಂಟಿಯಾಗಿ ಕೂಡಿಸಿಕೊಂಡು ಐದು ನಿಮಿಷ ಓದಿಸಿ ಕೇಳಬೇಕು, ಕಣ್ಣು, ಕಿವಿಗಳ ತಪಾಸಣೆ ಅದರೊಡನೆಯೇ ಆಗಬೇಕು.

ಎರಡು: ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರ ಹುದ್ದೆಗಳು ಖಾಲಿ ಇರಬಾರದು, ಅವರಿಗೆ ಕಾಗದಪತ್ರದ ಕೆಲಸ ಹಚ್ಚದೆ ಶಾಲೆಗಳಿಗೆ ಹೋಗಲು ಬಿಡಬೇಕು.

ಮೂರು: ಪರೀಕ್ಷೆ ಮತ್ತು ಪ್ರಮಾಣಪತ್ರದ ಕೆಲಸ ಮಗುವಿನ ಭಾಷೆಯಲ್ಲಿ, ಗೊತ್ತಾದ ದಿನದಂದು, ಒಂದೇ ಕಡೆ ಮುಗಿಯಬೇಕು.

ನಾಲ್ಕು: ಗಿರಣಿಗಳಲ್ಲಿ ಕಾಮಗಾರರಿಂದ ಸಹಿ ತೆಗೆದುಕೊಳ್ಳುವ ಯಾವುದೇ ಕಾಗದವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು, ಪ್ರತಿ ಕೊಡಬೇಕು, ಮನೆಗೆ ಒಯ್ದು ಓದಿಸಿಕೊಂಡು ಬರಲು ಒಂದು ದಿನ ಕೊಡಬೇಕು. ಸಣ್ಣ ವ್ಯಾಪಾರಿಗಳಿಗೆ ಸಾಲದ ಕಾಗದ ಮುಂದಿಡುವವರಿಗೂ ಇದೇ ಮಾತು. ಸಂಘಟನೆ ಇರುವಲ್ಲಿ ಕಾಮಗಾರರು ನಾಳೆಯೇ ಇದನ್ನು ಕೇಳಬಹುದು.

ಇಷ್ಟನ್ನು ಸರ್ಕಾರದಿಂದ, ಮಾಲಕರಿಂದ ಕೇಳುವಾಗ ನಮ್ಮ ಪಾಲಿನದನ್ನೂ ನಾವು ಮಾಡಬೇಕು. ಶಾಲಾಭಿವೃದ್ಧಿ ಸಮಿತಿಗಳಲ್ಲಿ ಪಾಲಕರಾದ ನೀವೇ ಇದ್ದೀರಿ. ಕಟ್ಟಡ, ಕಂಪೌಂಡುಗಳ ಮಾತು ಮುಗಿದ ಮೇಲೆ, ‘ನಮ್ಮ ಶಾಲೆಯಲ್ಲಿ ಓದು ಬಾರದ ಮಕ್ಕಳೆಷ್ಟು, ಏಕೆ ಬಾರದು?’ ಎಂದು ಒಂದು ಪ್ರಶ್ನೆ ಕೇಳಿರಿ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಕೊಡಿರಿ. ಫ. ಗು. ಹಳಕಟ್ಟಿಯವರು ಇದೇ ಊರಿನಲ್ಲಿ ಕುಳಿತು, ವಕೀಲಿಯನ್ನೂ ಬದಿಗಿಟ್ಟು, ಸವೆದುಹೋದ ತಾಡವೋಲೆಗಳ ಅಕ್ಷರಗಳನ್ನು ವರ್ಷಗಟ್ಟಲೆ ಕೂಡಿಸಿ ಕೂಡಿಸಿ ಓದಿ ವಚನಗಳನ್ನು ಉಳಿಸಿಕೊಟ್ಟರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ನಿಧಾನವಾಗಿ ಓದುವುದು ಅವಮಾನವೆಂದು ಈ ಊರಿನಲ್ಲಿ ಯಾರೂ ಹೇಳಬಾರದು.

ಗಿರಣಿಯ ಆ ಕಾಗದದ ವಿಷಯವಾಗಿ ಕಾರ್ಮಿಕ ಇಲಾಖೆಗೆ ಅರ್ಜಿ ಹೋಗಿದೆ. ಅರ್ಜಿಯನ್ನು ನಾವು ಬರೆದೆವು. ಸಹಿ ಮಾಡುವ ಮುಂಚೆ ಅವನು ಅದನ್ನು ಮೇಲಿಂದ ಕೆಳಗಿನವರೆಗೆ ತಾನೇ ಓದಿದನು. ಒಂದು ಪುಟಕ್ಕೆ ಹದಿನೈದು ನಿಮಿಷ ಹಿಡಿಯಿತು. ನಾವು ಕಾಯುತ್ತ ಕುಳಿತೆವು. ಒಂದು ಕಡೆ ತಡೆದು, ‘ಸರ, ಇಲ್ಲಿ ತಾರೀಖು ತಪ್ಪಿ ಬರದೀರಿ ನೋಡ್ರಿ’ ಎಂದನು. ನೋಡಿದೆವು. ತಪ್ಪು ನಮ್ಮದೇ ಆಗಿತ್ತು.